ಸೊನ್ನೆ ತರಲು ಗುಡ್ಡ ಹತ್ತಿದವರು

ಹಿಡಕಲ್ ಆಣೆಕಟ್ಟಿನ ನಮ್ಮ ಆಫೀಸಿನಲ್ಲಿ ಅವರನ್ನು ಎಲ್ಲರೂ ಸೊನ್ನಿ ಮಾಸ್ತರ ಎನ್ನುತ್ತಿದ್ದರು. ಮಾಸ್ತರಿಕೆಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಕಲಿತದ್ದು ಏಳನೇ ಇಯತ್ತೆ, ಕೆಲಸ ನೀರಾವರಿ ಇಲಾಖೆಯಲ್ಲಿ ದಿನಗೂಲಿ. ಹುಕ್ಕೇರಿ ತಾಲೂಕಿನ ಅವರ ಊರಿನ ನೆತ್ತಿಯ ಮೇಲೆ ಹದ್ದಿನಗುಡ್ಡ ಎಂಬ ಕಲ್ಲುಗುಡ್ಡವಿದೆ. ಅದರ ತುತ್ತತುದಿಯಲ್ಲಿ ಯಾವುದೋ ಕಾಲದ ಎಂಜಿನಿಯರೊಬ್ಬ ಮಳೆ ಅಳೆಯುವ ಡಬ್ಬಿಯೊಂದನ್ನು ನೆಡಿಸಿ ವರ್ಗವಾಗಿ ಹೋಗಿಬಿಟ್ಟಿದ್ದ. ಇಷ್ಟು ಬಯಲು ಬಿಟ್ಟು ಅಲ್ಲೇ ಯಾಕೆ ನೆಡಿಸಿದ ಎಂದು ಕೇಳಿದರೆ ಆಫೀಸಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಸರ್ಕಾರದ ಡಬ್ಬಿ, ಇಟ್ಟಲ್ಲಿ ಇರಬೇಕು. ಪ್ರತಿ ಸೋಮವಾರ ಇವರು ಗುಡ್ಡ ಹತ್ತಿ, ಡಬ್ಬಿಯೊಳಗಿನ ನೀರನ್ನು ಅಳತೆಯ ಗಾಜಿಗೆ ಸುರಿದು ನೋಡಿ, ಚೀಟಿಯಲ್ಲಿ ಬರೆದುಕೊಂಡು, ಮಂಗಳವಾರ ಸೈಕಲ್ ತುಳಿಯುತ್ತ ಬಂದು ನನ್ನ ಟೇಬಲ್ಲಿನ ಮೇಲೆ ಇಡುತ್ತಿದ್ದರು.

ಮಳೆಗಾಲದಲ್ಲಿ ಸರಿ. ಆದರೆ ನಮ್ಮ ಕಡೆ ದೀಪಾವಳಿ ದಾಟಿತೆಂದರೆ ಮುಂದಿನ ಆರು ತಿಂಗಳು ಆಕಾಶ ತೊಳೆದು ಕವುಚಿಟ್ಟ ಪರಾತದ ಹಾಗೆ. ಆಗಲೂ ಸೋಮವಾರ ಬಂತೆಂದರೆ ಅವರು ಹತ್ತುವುದೇ, ಮಂಗಳವಾರ ಚೀಟಿ ಬರುವುದೇ. ಚೀಟಿಯಲ್ಲಿ ದುಂಡಗೆ, ಅಂಚು ಎಲ್ಲೂ ಬಿಡದ ಹಾಗೆ ಬರೆದ ಒಂದು ಸೊನ್ನೆ. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಅವರ ನೌಕರಿಯ ಹಳೆಯ ಫೈಲನ್ನು ತೆಗೆದು ನೋಡಿಯಾರು. ಅದರಲ್ಲಿ ನನ್ನದೊಂದು ಸುಳ್ಳು ಸಹಿ ಇದೆ.

ನಾನು ಮೂಡಲಗಿಯವನು, ಆಗ ಇಪ್ಪತ್ತಾರರ ಪ್ರಾಯದ ಕಿರಿಯ ಗುಮಾಸ್ತ. ನಾಲಿಗೆ ಉದ್ದ, ಅನುಭವ ಗಿಡ್ಡ. ಚಹಾದ ಹೊತ್ತಿನಲ್ಲಿ ಅವರನ್ನು ಕೆಣಕುವುದೇ ನಮಗೊಂದು ಹೊತ್ತುಗಳೆತ.

"ಏನ್ರಿ ಅಣ್ಣಾರ, ಈ ವಾರದ ಸೊನ್ನಿ ಭಾಳ ಜಡ ಇತ್ತೇನ್ರಿ? ಹೊತ್ಕೊಂಡು ಇಳಿಯಾಕ ತ್ರಾಸ ಆತೇನು?" ಎಂದು ಒಂದು ಸಲ ಕೇಳಿದೆ.

ಅವರು ನಕ್ಕರು. ಮೇಲ್ದುಟಿಯನ್ನು ಸ್ವಲ್ಪವೇ ಎತ್ತಿ ನಗುವ ಅಭ್ಯಾಸ, ಒಳಗೆ ಮುಂದಿನ ಹಲ್ಲೊಂದು ಮುರಿದಿತ್ತು.

"ನಗ್ರಿ ಸರ. ಖರೆ ಒಂದ ಮಾತ ಹೇಳತೇನಿ. ಹೋದ ಶಿವರಾತ್ರಿ ಮುಂದ ಊರಾಗ ಬಿಸಲ ಅಂದ್ರ ಬಿಸಲು. ಮ್ಯಾಲ ಹೋಗಿ ನೋಡತೇನಿ, ಡಬ್ಬ್ಯಾಗ ಮೂರು ಮಿಲಿಮೀಟರ್ ನೀರು. ಒಂದ ಸಣ್ಣ ಮೋಡ ಬಂದು ಗುಡ್ಡದ ತಲೀಗೆ ಅಷ್ಟ ಸುರದು ಹೋಗೇತಿ. ಊರಾಗ ಯಾರಿಗೂ ಗೊತ್ತಿಲ್ಲ. ನಾ ಮನ್ಯಾಗ ಕುಂತು ಸೊನ್ನಿ ಬರದಿದ್ರ ಆ ಮಳಿ ಆಗೇ ಇಲ್ಲ ಅಂತ ಆಗತಿತ್ತು. ನೋಡದ ಬರದ ಸೊನ್ನಿ ಸೊನ್ನಿ ಅಲ್ರಿ, ಅದು ಸುಳ್ಳು."

ಇಷ್ಟು ಹೇಳಿ ಚಹಾದ ಬಸಿಯನ್ನು ತಾವೇ ತೊಳೆದಿಟ್ಟು ಹೋದರು. ನಮ್ಮ ಆಫೀಸಿನಲ್ಲಿ ಬಸವ ಜಯಂತಿಯ ದಿನ ಕಾಯಕದ ಬಗ್ಗೆ ಭಾಷಣ ಮಾಡುವವರು ನಾಲ್ಕು ಮಂದಿ ಇದ್ದರು, ಅವರಲ್ಲಿ ನಾನೂ ಒಬ್ಬ. ಸೊನ್ನಿ ಮಾಸ್ತರು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ, ಪ್ರಸಾದ ತೆಗೆದುಕೊಂಡು ಮನೆಗೆ ಹೋಗುತ್ತಿದ್ದರು. ಕಾಯಕ ಎಂಬ ಶಬ್ದ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ.

ಒಂದು ಮಳೆಗಾಲದಲ್ಲಿ ಅವರ ಚೀಟಿಯ ಷರಾ ಜಾಗದಲ್ಲಿ, "ಮಂಗ್ಯಾ ಡಬ್ಬಿಯಾಗಿನ ನೀರು ಕುಡಿದಂಗ ಕಾಣತೈತಿ, ಈ ವಾರದ ಅಳತಿ ನಂಬಬ್ಯಾಡ್ರಿ" ಎಂದು ಬರೆದಿದ್ದರು. ಮೇಲಿನ ಕಚೇರಿಯಿಂದ ವಿವರಣೆ ಕೇಳಿ ಪತ್ರ ಬಂತು. ಮಂಗ ಎಷ್ಟು ಕುಡಿಯಿತು ಎಂಬುದನ್ನು ಅಂದಾಜಿಸಿ ತಿಳಿಸತಕ್ಕದ್ದು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ನಗದೆ ಆ ಪತ್ರವನ್ನು ಎರಡು ಸಲ ಓದಿ, "ಮಂಗ್ಯಾನ ಹೊಟ್ಟಿ ಅಳಿಯಾಕ ನನ್ನ ಕಡೆ ಗಾಜಿಲ್ಲ ಅಂತ ಬರೀರಿ" ಎಂದರು. ಹಾಗೆಯೇ ಬರೆದು ಕಳಿಸಿದೆವು.

ಅವರ ಮಗಳ ಲಗ್ನವಂತೂ ಸೋಮವಾರವೇ ಬಂದಿತ್ತು. ಅದು ಆಮೇಲಿನ ಮಾತು, ಆದರೂ ಇಲ್ಲೇ ಹೇಳಿಬಿಡುತ್ತೇನೆ. ನಾಗನೂರಿನ ಬೀಗರು ಬೆಳಗಾಗುವುದರೊಳಗೆ ಗಾಡಿ ಮಾಡಿಕೊಂಡು ಬಂದಿದ್ದಾರೆ, ವಧುವಿನ ಅಪ್ಪನೇ ಇಲ್ಲ. ಗುಡ್ಡದ ಬುಡದ ಕಲ್ಲಿನ ಕೆಳಗೆ ಅವರ ಚಪ್ಪಲಿ ಮಾತ್ರ ಇವೆ. ಅವರು ಬರಿಗಾಲಲ್ಲೇ ಹತ್ತುವವರು, ಹಾಗಾಗಿ ಚಪ್ಪಲಿ ಅಲ್ಲಿದ್ದರೆ ಮನುಷ್ಯ ಮೇಲಿದ್ದಾನೆ ಎಂದು ಊರಿಗೆಲ್ಲ ಗೊತ್ತು. ಅಕ್ಷತೆಗೆ ಐದು ನಿಮಿಷ ಇರುವಾಗ ಬಂದರು. ಅಂಗಿ ಬದಲಿಸಲೂ ಪುರಸತ್ತಿಲ್ಲ, ಬೆನ್ನ ತುಂಬ ಗುಡ್ಡದ ಕೆಂಪು ಧೂಳು. ಬೀಗರು ಮುಖ ಗಂಟಿಕ್ಕಿಕೊಂಡರು. "ಸೋಮವಾರ ಮುಹೂರ್ತ ಇಟ್ಟಾವ್ರು ನೀವ ಅಲ್ರಿ?" ಎಂದರಂತೆ ಇವರು.

ಈ ಬೆನ್ನಿನ ಕೆಂಪು ಧೂಳು ನನ್ನ ಕತೆಗೂ ಬೇಕು, ಅದಕ್ಕೇ ಅದನ್ನು ಎತ್ತಿದೆ.

ನಾನು ನೌಕರಿಗೆ ಸೇರಿದ ಎರಡನೇ ವರ್ಷ ಅವರನ್ನು ಖಾಯಂ ಮಾಡುವ ಮಾತು ಬಂತು. ಹತ್ತು ವರ್ಷ ದಿನಗೂಲಿಯಲ್ಲಿ ದುಡಿದಿದ್ದರು. ಅದೇ ಹೊತ್ತಿಗೆ ಆಫೀಸಿಗೆ ಒಂದು ಹೆಸರಿಲ್ಲದ ಅರ್ಜಿ ಬಂತು: ಈ ಮನುಷ್ಯ ಗುಡ್ಡ ಹತ್ತುವುದೇ ಇಲ್ಲ, ಮನೆಯಲ್ಲಿ ಕುಳಿತು ಸೊನ್ನೆ ಬರೆದು ಪಗಾರ ತಿನ್ನುತ್ತಾನೆ. ಅವರ ಜಾಗದ ಮೇಲೆ ಕಣ್ಣಿಟ್ಟವರು ಯಾರೋ ಬರೆಸಿರಬೇಕು. ಯಾರಾದರೂ ಹೋಗಿ ಪರಿಶೀಲಿಸಿ ವರದಿ ಕೊಡಬೇಕಾಯಿತು. ನಮ್ಮ ಸಾಹೇಬರ ಹೊಟ್ಟೆ ಜೀಪಿನ ಸ್ಟಿಯರಿಂಗಿಗೆ ತಾಗುತ್ತಿತ್ತು. ಅವರು ಆಫೀಸನ್ನೆಲ್ಲ ಒಮ್ಮೆ ಕಣ್ಣಾಡಿಸಿ, ಎಲ್ಲರಿಗಿಂತ ತೆಳ್ಳಗಿದ್ದ ನನ್ನ ಕಡೆ ಬೆರಳು ಮಾಡಿದರು. ಡಬ್ಬಿ ಮೇಲಿದೆಯೇ, ದಾರಿ ಸವೆದಿದೆಯೇ ನೋಡಿ ಬರೆದುಕೊಡುವುದು. ನಾನು ಬರೆದುದರ ಮೇಲೆ ಸೊನ್ನಿ ಮಾಸ್ತರರ ನೌಕರಿ ಉಳಿಯಬೇಕು ಇಲ್ಲವೇ ಹೋಗಬೇಕು.

ನಾನು ಮೂಡಲಗಿಯಲ್ಲಿ ಹೊಸದಾಗಿ ಹೊಲಿಸಿದ್ದ ಬಿಳಿ ಅಂಗಿ ಹಾಕಿಕೊಂಡು ಹೋದೆ. ತಪಾಸಣೆಯ ಅಧಿಕಾರಿ ಅಲ್ಲವೇ. ಅವರು ಗುಡ್ಡದ ಬುಡದಲ್ಲಿ ತಂಬಿಗೆ ನೀರು, ಒಂದು ಹೆಂಟೆ ಬೆಲ್ಲ ಇಟ್ಟುಕೊಂಡು ಕಾಯುತ್ತಿದ್ದರು. ಕೆಳಗಿನಿಂದ ನೋಡಿದರೆ ಅದು ಗುಡ್ಡದ ಹಾಗೆ ಕಾಣುವುದಿಲ್ಲ, ಒಂದರ ಮೇಲೊಂದು ಒರಟು ಕೆಂಪು ಕಲ್ಲಿನ ಹಾಸುಗಳನ್ನು ಪೇರಿಸಿ ಕೊನೆಗೆ ಒಂದು ಗೋಡೆ ನಿಲ್ಲಿಸಿದ ಹಾಗೆ.

"ಬರ್ರಿ, ಹೋಗೋಣು" ಎಂದೆ.

"ಜೋಡಿ ಹೋಗೂದು ಬ್ಯಾಡ್ರಿ ಸರ. ಇಬ್ರು ಏರಿದ್ರ ಮ್ಯಾಲಿನವನ ಕಾಲಾಗಿನ ಕಲ್ಲು ಕೆಳಗಿನವನ ತಲೀಗೆ ಬೀಳತೈತಿ. ಈ ಗುಡ್ಡ ಒಬ್ಬೊಬ್ರ ಏರೂ ಗುಡ್ಡ. ಅದೂ ಅಲ್ಲದ ತಪಾಸಣಿ ನಂದು. ನಾ ಬಾಜೂಕಿದ್ರ ಅದೆಂಥಾ ತಪಾಸಣಿ?"

ಆಮೇಲೆ ನನ್ನನ್ನು ಒಂದು ಕಲ್ಲಿನ ಮೇಲೆ ಕೂರಿಸಿ ಪಾಠ ಹೇಳಿದರು. ಮಾಸ್ತರ ಎಂಬ ಅಡ್ಡಹೆಸರು ಅವರಿಗೆ ಒಪ್ಪಿದ್ದನ್ನು ನಾನು ಕಂಡದ್ದು ಆ ಹೊತ್ತು ಮಾತ್ರ.

"ಕೈ ಎರಡು, ಕಾಲು ಎರಡು. ಮೂರು ಗಟ್ಟಿ ಊರಿದ ಮ್ಯಾಲ ನಾಕನೇದ್ದು ಎತ್ತಬೇಕು. ಕಲ್ಲು ಹಿಡಿಯೂಕಿಂತ ಮೊದಲ ಬೆರಳ ಗಂಟಿಲೆ ಬಡೀರಿ, ಸಂತ್ಯಾಗ ಗಡಿಗಿ ತಗೊಳ್ಳು ಮುಂದ ಬಡೀತೇವಲ್ರಿ, ಹಂಗ. ಟಣ್ ಅಂದ್ರ ನಂಬ್ರಿ. ಡಬ್ ಅಂದ್ರ ಮುಟ್ಟಬ್ಯಾಡ್ರಿ. ಕಡೀಕ ಒಂದ ಸಂದಿ ಬರತೈತಿ, ಎರಡಾಳು ಎತ್ತರ. ಬೆನ್ನು ಒಂದ ಗ್ವಾಡಿಗೆ, ಕಾಲು ಎದರಿನ ಗ್ವಾಡಿಗೆ ಒತ್ತಿ ಸರಕೋತ ಸರಕೋತ ಮ್ಯಾಲ ಹೋಗಬೇಕು. ಅಲ್ಲಿ ಅಂಗಿ ಬೆನ್ನು ಕೆಂಪ ಆಗತೈತಿ ನೋಡ್ರಿ, ಮದಲ ಹೇಳತೇನಿ. ಬ್ಯಾರೆ ದಾರಿ ಇಲ್ಲ. ಮ್ಯಾಲ ಡಬ್ಬಿ ಬಾಜೂಕ ತಗಡಿನ ಪೆಟಗಿ ಐತಿ, ಅದರಾಗ ತಪಾಸಣಿ ಕಾರ್ಡು ಐತಿ. ಸಹಿ ಮಾಡಿ ಬರ್ರಿ. ಇಷ್ಟ ವರ್ಷ ಅದು ಖಾಲೀನ ಐತಿ."

ಹಾಸುಗಳನ್ನು ಹತ್ತಿದೆ. ಬಡಿದು ನೋಡುತ್ತ, ಮೂರು ಊರಿ ನಾಲ್ಕನೆಯದನ್ನು ಎತ್ತುತ್ತ, ಸುಮಾರು ಒಂದು ತಾಸು. ಸಂದಿಯ ಬಾಯಿಗೆ ಬಂದು ಬೆನ್ನನ್ನು ಗೋಡೆಗೆ ಕೊಡುವ ಮುಂಚೆ, ನೋಡಬಾರದಿತ್ತು, ಕೆಳಗೆ ನೋಡಿದೆ. ಹಿಡಕಲ್ಲಿನ ನೀರು ದೂರದಲ್ಲಿ ಮಿಂಚುತ್ತಿತ್ತು. ಬುಡದಲ್ಲಿ ಕುಳಿತ ಅವರು ಒಂದು ಕಡಲೆಕಾಳಿನಷ್ಟು ಕಂಡರು. ನನ್ನ ಮೊಣಕಾಲು ಹೊಲಿಗೆ ಯಂತ್ರದ ಸೂಜಿಯ ಹಾಗೆ ಕುಣಿಯತೊಡಗಿತು. ಸಂದಿಯ ಪಕ್ಕದಲ್ಲಿ ಬಂಡೆಯ ಬಿರುಕಿನಿಂದ ಎದ್ದ ಒಂದು ಅತ್ತಿಯ ಗಿಡವಿತ್ತು. ಅದರ ಬುಡವನ್ನು ತಬ್ಬಿಕೊಂಡು ಅರ್ಧ ತಾಸು ಕುಳಿತೆ. ಎರಡಾಳು ಎತ್ತರ, ಅಷ್ಟೇ. ಆಗಲಿಲ್ಲ. ಹತ್ತಿದ ದಾರಿಯಲ್ಲೇ ಕುಂಡಿ ಊರಿ ಊರಿ ಇಳಿದೆ.

"ಹೋಗಿ ಬಂದ್ರಿ?" ಎಂದರು.

"ಹ್ಞೂಂ. ಎಲ್ಲಾ ಬರೋಬ್ಬರಿ ಐತಿ" ಎಂದೆ.

ಅವರು ನನ್ನ ಧೂಳು ಝಾಡಿಸಲೆಂದು ಹಿಂದೆ ಬಂದರು. ಕೈ ಎತ್ತಿದ್ದು ನೆರಳಿನಲ್ಲಿ ಕಂಡಿತು, ಬೆನ್ನಿಗೆ ತಾಗಲಿಲ್ಲ. ನನ್ನ ಅಂಗಿಯ ಬೆನ್ನು ಅಗಸರವನು ಕೊಟ್ಟಷ್ಟೇ ಬೆಳ್ಳಗಿತ್ತು. ಅವರು ಮುಂದೆ ಬಂದು ತಂಬಿಗೆ ಕೊಟ್ಟರು, ಬೆಲ್ಲ ಮುರಿದು ಕೊಟ್ಟರು. ನಾನು ಕುಡಿದೆ, ತಿಂದೆ. ಇಬ್ಬರೂ ಊರಿನ ಕಡೆ ನಡೆದೆವು. ದಾರಿಯುದ್ದಕ್ಕೂ ಶೇಂಗಾ ಬೆಳೆಯ ಮಾತಾಡಿದರು.

ವರದಿಯಲ್ಲಿ ನಾನು ಬರೆದ ವಾಕ್ಯ ಇವತ್ತಿಗೂ ಬಾಯಿಪಾಠ ಇದೆ: "ಖುದ್ದಾಗಿ ತುದಿಯವರೆಗೆ ಹೋಗಿ ಪರಿಶೀಲಿಸಲಾಗಿದ್ದು, ಸದರಿಯವರು ನಿಯಮಿತವಾಗಿ ಕರ್ತವ್ಯ ನಿರ್ವಹಿಸುತ್ತಿರುವುದು ಕಂಡುಬಂದಿದೆ." ಕೆಳಗೆ ಸಹಿ. ಅವರು ಹತ್ತುತ್ತಾರೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯ ಇರಲಿಲ್ಲ. ಒಳ್ಳೆಯ ಮನುಷ್ಯನಿಗೆ ಒಳ್ಳೆಯದಾಗಲಿ ಎಂದೇ ಬರೆದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನೋಡದೆ ಒಂದು ಸೊನ್ನೆ ಬರೆಯದವರ ನೌಕರಿ, ನೋಡದೆ ಬರೆದ ನನ್ನ ಒಂದು ಸಾಲಿನ ಮೇಲೆ ನಿಂತಿತು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಖಾಯಂ ಆದೇಶ ಬಂದ ದಿನ ಗೋಕಾಕಿನಿಂದ ಕರದಂಟು ತಂದು ಆಫೀಸಿಗೆಲ್ಲ ಹಂಚಿದರು. ನನ್ನ ಟೇಬಲ್ಲಿಗೆ ಕೊನೆಗೆ ಬಂದರು. ಸುತ್ತ ಯಾರೂ ಇರಲಿಲ್ಲ.

"ನಿಮ್ಮ ಸಹಿಯಿಂದ ಆತ್ರಿ ಸರ. ನನ್ನ ಮನೀ ಮಂದಿ ನಿಮಗ ಕೈ ಮುಗದಾರ" ಎಂದರು. ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ, ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಆಮೇಲೆ ದನಿ ತಗ್ಗಿಸಿ, "ಒಂದ ಸಹಿ ಮಾತ್ರ ಉಳದೈತ್ರಿ, ಮ್ಯಾಲ. ಯಾವಾಗಾರ ಬರ್ರಿ" ಎಂದರು.

ಕರದಂಟು ಬಾಯಲ್ಲಿ ಕಲ್ಲಾಯಿತು. ತಲೆ ತಗ್ಗಿಸಿ, "ಬರ್ತೇನ್ರಿ ಅಣ್ಣಾರ" ಎಂದೆ.

ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ. ನಾನೇ ಎತ್ತುತ್ತಿದ್ದೆ, ವರ್ಷಕ್ಕೊಮ್ಮೆ. ದಸರೆಯ ದಿನ ನಮ್ಮಲ್ಲಿ ಒಬ್ಬರಿಗೊಬ್ಬರು ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎನ್ನುವುದುಂಟು. ಅವರು ಸೈಕಲ್ ಮೇಲೆ ಬಂದು ನನ್ನ ಕೈಯಲ್ಲಿ ಬನ್ನಿ ಎಲೆ ಇಟ್ಟಾಗಲೆಲ್ಲ ನಾನು, "ಈ ಬ್ಯಾಸಗಿಗೆ ಖರೇನ ಬರ್ತೇನ್ರಿ" ಎನ್ನುತ್ತಿದ್ದೆ. "ಬರ್ರಿ. ಗುಡ್ಡ ಎಲ್ಲಿ ಹೋಗತೈತಿ" ಎನ್ನುತ್ತಿದ್ದರು. ಹೀಗೇ ಬೇಸಿಗೆಗಳು ಹೋದವು. ನನಗೆ ಬಡ್ತಿ ಸಿಕ್ಕಿತು, ಹೊಟ್ಟೆ ಬಂತು, ಮತ್ತೊಂದು ಬಡ್ತಿ ಸಿಕ್ಕಿತು. ಆಣೆಕಟ್ಟಿನ ಕಾಲೊನಿಯಲ್ಲಿ ತಾನೇ ಮಳೆ ಅಳೆದು ತಾನೇ ಸುದ್ದಿ ಕಳಿಸುವ ಯಂತ್ರ ಬಂದು ಕೂತಿತು. ಗುಡ್ಡದ ಡಬ್ಬಿಯನ್ನು ವಾಪಸು ತರಬೇಕು ಎಂದು ಒಂದು ಟಿಪ್ಪಣಿಯೂ ಎದ್ದಿತು. ತರಲು ಯಾರು ಹತ್ತಬೇಕು? ಟಿಪ್ಪಣಿ ಫೈಲಿನಲ್ಲೇ ಮಲಗಿತು. ಅವರು ನಿವೃತ್ತರಾದ ಮೇಲೂ, ಆಮೇಲೆ ನಾನು ನಿವೃತ್ತನಾದ ಮೇಲೂ ಸೋಮವಾರ ಹತ್ತುತ್ತಲೇ ಇದ್ದರು, ಯಾರಿಗೂ ಚೀಟಿ ಕೊಡುವುದಿರದಿದ್ದರೂ. ಎರಡು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟ ಮೇಲೆ ಹತ್ತುವುದನ್ನು ನಿಲ್ಲಿಸಿದರು.

ಈ ಸಲ ಸಂಕ್ರಾಂತಿ ಆಗಿ ಎಂಟು ದಿನಕ್ಕೆ ಅವರು ತೀರಿಕೊಂಡರು. ಗೋಕಾಕಿನ ನನ್ನ ಮನೆಗೆ ಸುದ್ದಿ ಬರುವಷ್ಟರಲ್ಲಿ ಅವರದೇ ಹೊಲದ ಬದುವಿನಲ್ಲಿ ಮಣ್ಣು ಮಾಡಿದ್ದರು. ಮಾತಾಡಿಸಲು ಹೋದಾಗ ಮಗಳು, ಅದೇ ಸೋಮವಾರ ಲಗ್ನವಾದವಳು, ಚಹಾ ಕೊಟ್ಟು ಹತ್ತಿರ ಕುಳಿತಳು.

"ಕಾಕಾ, ಒಂದ ಮಾತು. ಅಪ್ಪಾರು ಹೋಗೂಕ ನಾಕ ದಿನ ಮುಂಚೆ ಹೇಳ್ಯಾರ. ಮ್ಯಾಲಿನ ತಗಡಿನ ಪೆಟಗಿ ನಿಮ್ಮ ಕೈಲೇನ ಇಳಸಬೇಕಂತ. ನಮ್ಮ ಮನ್ಯಾವ್ರು ನಾ ತರ್ತೇನಿ ಅಂದ್ರು, ಅಪ್ಪಾರು ಬ್ಯಾಡ ಅಂದ್ರು. ಅವರದ ಒಂದ ಕೆಲಸ ಮ್ಯಾಲ ಉಳದೈತಿ, ಅವರು ಬರ್ತಾರ ಅಂದ್ರು. ಅದೇನ ಕೆಲಸ ಕಾಕಾ?"

"ಸಣ್ಣ ಕೆಲಸವ್ವಾ" ಎಂದೆ.

ಮುಂದಿನ ಸೋಮವಾರ ಹೊರಟೆ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಗಂಡ ಗುಡ್ಡ ಹತ್ತುತ್ತೇನೆ ಎಂದರೆ ಹೆಂಡತಿ ಬಿಡುತ್ತಾಳೆಯೇ. ನಿಡಸೋಸಿ ಮಠಕ್ಕೆ ಹೋಗಿ ಬರುತ್ತೇನೆ ಎಂದೆ. ಆ ಮಾತೂ ಸುಳ್ಳಾಗದಿರಲಿ ಎಂದು ಮೊದಲು ಮಠಕ್ಕೆ ಹೋಗಿ, ನಮಸ್ಕಾರ ಮಾಡಿ, ಆಮೇಲೆ ಅವರ ಊರಿನ ದಾರಿ ಹಿಡಿದೆ. ಬೇಕೆಂದೇ ಬಿಳಿ ಅಂಗಿ ಹಾಕಿದ್ದೆ. ಮಗಳು ಬುಡದಲ್ಲಿ ಕುಳಿತಳು. ಚಪ್ಪಲಿ ಬಿಚ್ಚಿ, ಅವರು ಇಡುತ್ತಿದ್ದ ಕಲ್ಲಿನ ಕೆಳಗೇ ಇಟ್ಟೆ.

ಮೂವತ್ತೆಂಟು ವರ್ಷದಲ್ಲಿ ಗುಡ್ಡ ಏನೂ ಬೆಳೆದಿರಲಿಲ್ಲ, ನನಗೆ ಮಾತ್ರ ದುಪ್ಪಟ್ಟಾಗಿ ಕಂಡಿತು. ಒಂದೊಂದು ಹಾಸಿಗೂ ಕುಳಿತೆ. ಕಲ್ಲು ಬಡಿದೆ. ಟಣ್ ಎಂದದ್ದನ್ನು ಹಿಡಿದೆ, ಡಬ್ ಎಂದದ್ದನ್ನು ಬಿಟ್ಟೆ. ಒಂದು ಕಡೆ ಕಾಲ ಕೆಳಗಿನ ಚೂರೊಂದು ಕಿತ್ತು ಕೆಳಗಿನ ಹಾಸುಗಳ ಮೇಲೆ ಪುಟಿಯುತ್ತ ಹೋಯಿತು. ಇಬ್ಬರು ಏರಬಾರದು ಎಂದದ್ದು ಯಾಕೆಂದು ಆಗ ಅರ್ಥವಾಯಿತು. ಅತ್ತಿಯ ಗಿಡ ಈಗ ತೊಡೆಯಷ್ಟು ದಪ್ಪವಾಗಿತ್ತು. ಅದನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ಅಲ್ಲೇ ಕೂತುಬಿಡುತ್ತಿದ್ದೆ.

ಸಂದಿಯೊಳಗೆ ಹೊಕ್ಕು ಬೆನ್ನು ಕೊಟ್ಟೆ. ಕಾಲನ್ನು ಎದುರಿನ ಗೋಡೆಗೆ ಒತ್ತಿದೆ. ಮೊಣಕಾಲು ಮತ್ತೆ ಕುಣಿಯಿತು, ಕುಣಿಯಲಿ ಎಂದು ಬಿಟ್ಟೆ. ಒಂದು ಗೇಣು ಸರಿದೆ, ಇನ್ನೊಂದು ಗೇಣು. ಅಂಗಿ ಕಲ್ಲಿಗೆ ಉಜ್ಜುವ ಸಪ್ಪಳ ಕಿವಿಯ ಹತ್ತಿರವೇ ಕೇಳುತ್ತಿತ್ತು. ನಡುವೆ ಒಂದು ಗಳಿಗೆ ಮೇಲೂ ಹೋಗಲಾರೆ, ಕೆಳಗೂ ಇಳಿಯಲಾರೆ ಎನಿಸಿ ಹೆದರಿ ಬೆವತೆ. ಗೋಡೆಯ ಮೇಲೆ ಒಂದು ಜಾಗ ನುಣ್ಣಗೆ, ಅಂಗೈಯಗಲ ಸವೆದಿತ್ತು. ಅವರ ಹಿಮ್ಮಡಿ ಊರಿ ಊರಿ ಸವೆದ ಜಾಗ. ಅಲ್ಲಿ ನನ್ನ ಹಿಮ್ಮಡಿ ಇಟ್ಟೆ. ನಿಂತಿತು. ಆಮೇಲೆ ಮೇಲಿನ ಅಂಚು ಕೈಗೆ ಸಿಕ್ಕಿತು.

ತುದಿಯಲ್ಲಿ ಗಾಳಿ ಜೋರಾಗಿತ್ತು. ಡಬ್ಬಿ ಬಣ್ಣ ಕಳೆದುಕೊಂಡು ನಿಂತಿತ್ತು, ಪಕ್ಕದಲ್ಲಿ ಕಲ್ಲು ಹೇರಿದ್ದ ತಗಡಿನ ಪೆಟ್ಟಿಗೆ. ಮುಚ್ಚಳ ತೆಗೆದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ನಾಲ್ಕು ಕಾರ್ಡುಗಳು, ಒಂದು ಪೆನ್ನು. ಎಲ್ಲಕ್ಕೂ ಕೆಳಗಿನದು ಇಲಾಖೆಯ ಅಚ್ಚಿನ ಕಾರ್ಡು, ಅಕ್ಷರ ಮಸುಕಾಗಿತ್ತು. ಮೊದಲ ಸಾಲಿನಲ್ಲಿ ಅವರ ದುಂಡು ಅಕ್ಷರದಲ್ಲಿ ನನ್ನ ಹೆಸರು, ಮುಂದೆ "ಕಿರಿಯ ಗುಮಾಸ್ತರು". ತಾರೀಖಿನ ಜಾಗ ಖಾಲಿ, ಸಹಿಯ ಜಾಗ ಖಾಲಿ. ಅದು ಹಾಳಾದ ಮೇಲೆ ಅವರೇ ಗೆರೆ ಎಳೆದು ಮಾಡಿದ ಎರಡನೆಯದರಲ್ಲಿ ಮತ್ತೆ ನನ್ನ ಹೆಸರು, "ಹಿರಿಯ ಗುಮಾಸ್ತರು". ಮೂರನೆಯದರಲ್ಲಿ "ಅಧೀಕ್ಷಕರು". ನಾಲ್ಕನೆಯದು ಯಾವುದೋ ನೋಟುಬುಕ್ಕಿನ ರಟ್ಟು. ನನ್ನ ಹೆಸರಿನ ಮುಂದೆ, ನಡುಗುವ ಕೈಯ ಅಕ್ಷರದಲ್ಲಿ, "ನಿವೃತ್ತರು". ನಾಲ್ಕರಲ್ಲೂ ತಾರೀಖು ಖಾಲಿ, ಸಹಿ ಖಾಲಿ.

ನಾನು ಅಲ್ಲಿ ಕುಳಿತು ಅತ್ತೆ. ನಾಚಿಕೆಯಿಂದ ಅತ್ತೆನೋ, ಆ ಮನುಷ್ಯ ಇಷ್ಟು ವರ್ಷ ನನ್ನನ್ನು ಕೈಬಿಡದೆ ಕಾದನಲ್ಲ ಎಂದು ಅತ್ತೆನೋ ಹೇಳಲಾರೆ. ಒಂದು ಗೀಟು ಎಳೆದು ನನ್ನ ಸಹಿ ತಾವೇ ಮಾಡಿಬಿಟ್ಟಿದ್ದರೆ ಕೇಳುವವರು ಯಾರಿದ್ದರು? ನನ್ನ ಮೇಲೆ ಒಂದು ಮಾತು ಯಾರಿಗಾದರೂ ಹೇಳಿದ್ದರೂ ತಪ್ಪಿರಲಿಲ್ಲ. ಎರಡನ್ನೂ ಮಾಡಲಿಲ್ಲ. ಜಾಗ ಬಿಟ್ಟು ಸುಮ್ಮನೆ ಇದ್ದರು.

ಪೆನ್ನು ಉಜ್ಜಿ ಉಜ್ಜಿ ಹರಿಸಿಕೊಂಡೆ. ರಟ್ಟಿನ ಮೇಲೆ ಅವತ್ತಿನ ತಾರೀಖು ಹಾಕಿದೆ, ಹಳೆಯದನ್ನಲ್ಲ. ಸಹಿ ಮಾಡಿದೆ. ಕೊನೆಯಲ್ಲಿ ಅಳತೆ ಎಂದು ಒಂದು ಜಾಗ ಬಿಟ್ಟಿದ್ದರು. ಎದ್ದು ಹೋಗಿ ಡಬ್ಬಿಯ ಮೇಲಿನ ಆಲಿಕೆ ಎತ್ತಿ ಒಳಗೆ ಬಗ್ಗಿ ನೋಡಿದೆ. ಒಣ ತಳದಲ್ಲಿ ಎರಡು ಸತ್ತ ಇರುವೆ. ಬಂದು ಕುಳಿತು, ಅವರ ಹಾಗೆಯೇ ಅಂಚು ಬಿಡದಂತೆ, ಸೊನ್ನೆ ಬರೆದೆ.

ಪೆಟ್ಟಿಗೆಯನ್ನು ಹೆಗಲ ಚೀಲದಲ್ಲಿ ಹಾಕಿ, ಚೀಲವನ್ನು ಎದೆಗೆ ಕಟ್ಟಿಕೊಂಡು ಇಳಿದೆ. ಇಳಿಯುವುದಕ್ಕೆ ಹತ್ತಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಮಗಳು ತಂಬಿಗೆ ಕೊಟ್ಟಳು, ನನ್ನ ಹಿಂದೆ ಬಂದಳು.

"ಅಯ್ಯ ಕಾಕಾ, ಬೆನ್ನೆಲ್ಲಾ ಕೆಂಪ ಆಗೇತಿ. ನಿಂದರ್ರಿ, ಝಾಡಸತೇನಿ."

"ಬ್ಯಾಡವ್ವಾ. ಹಂಗ ಇರಲಿ."

"ಅಪ್ಪಾರು ಹೇಳಿದ್ದ ಕೆಲಸ ಆತೇನ್ರಿ?"

"ಆತು" ಎಂದೆ. "ಮದಲ ನಿಮ್ಮ ಹೊಲಕ್ಕ ಹೋಗೋಣ ನಡಿ."

ಹೊಲದ ಬದುವಿನಲ್ಲಿ ಅವರ ಮಣ್ಣಿನ ಗುಪ್ಪೆ ಇನ್ನೂ ಹಸಿಯಾಗಿತ್ತು, ಮೇಲೆ ವಿಭೂತಿಯ ಗಟ್ಟಿ, ಒಣಗಿದ ಬಿಲ್ವಪತ್ರಿ. ಪೆಟ್ಟಿಗೆಯನ್ನು ಮಗಳ ಕೈಗೆ ಕೊಟ್ಟು, ಬಗ್ಗಿ ಕೈ ಮುಗಿದೆ. ಆಮೇಲೆ ತಿರುಗಿ, ಅವರ ಕಡೆ ಬೆನ್ನು ಮಾಡಿ, ಸ್ವಲ್ಪ ಹೊತ್ತು ನಿಂತೆ.